ಭಾನುವಾರದ ಪಾಚಿ

ಸ್ವಿಚ್ಚಿನ ಮೇಲೆ ಉಪ್ಪು ಇರಲಿಲ್ಲ.

ಕಪಾಟಿನೊಳಗೆ ತಲೆ ತೂರಿಸಿ ನಾನು ಮಂಡಿಯೂರಿ ಕೂತು ಕಾಲು ಗಂಟೆಯಾಗಿತ್ತು. ನನ್ನ ತಲೆಯ ಮೇಲೆ, ಹಲ್ಲಿನ ಆಸ್ಪತ್ರೆಯ ಹಜಾರದ ಗೋಡೆಗೆ ಒತ್ತಿಕೊಂಡು, ನಾಲ್ಕಡಿ ಉದ್ದದ ಗಾಜಿನ ಅಕ್ವೇರಿಯಂ. ಅದನ್ನು ಹೊತ್ತ ಮರದ ಕಪಾಟಿನೊಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ಉಪ್ಪುನೀರು ಪೈಪಿನಲ್ಲಿ ಇಳಿದು, ಇಲ್ಲಿ ಒಂದು ಸುತ್ತು ಹಾಕಿ, ಪಂಪಿನ ಬಾಯಿಂದ ಮತ್ತೆ ಮೇಲಕ್ಕೆ ಹೋಗುತ್ತದೆ.

ಉಪ್ಪುನೀರು ಇರುವ ಕಡೆ ಉಪ್ಪು ಸುಮ್ಮನೆ ಕೂರುವುದಿಲ್ಲ. ಹನಿ ಸಿಡಿದಲ್ಲೆಲ್ಲ ಒಣಗುತ್ತದೆ, ತೆವಳುತ್ತದೆ, ಪದರು ಕಟ್ಟುತ್ತದೆ. ಪೈಪಿನ ಕೊರಳಿಗೆ ಉಪ್ಪು. ವೈರಿನ ಮೈಗೆ ಉಪ್ಪು. ಬಾಗಿಲಿನ ಕೀಲುಗಳಿಗೆ ಉಪ್ಪು. ಬೋರ್ಡಿನಲ್ಲಿ ಮೂರು ಸ್ವಿಚ್ಚುಗಳಿದ್ದವು. ಪಂಪಿನದರ ಮೇಲೆ ಬಿಳಿ ಹಕ್ಕಳೆ, ಹೀಟರಿನದರ ಮೇಲೆ ಬಿಳಿ ಹಕ್ಕಳೆ. ಈ ಚಿಕ್ಕ ತೊಟ್ಟಿಗೆ ಬೆಳಕು ಕೊಡುವ ದೀಪದ ಸ್ವಿಚ್ಚು ಮಾತ್ರ ಆಗಷ್ಟೇ ಉಜ್ಜಿದ ಹಲ್ಲಿನ ಹಾಗೆ ಹೊಳೆಯುತ್ತಿತ್ತು.

ಆ ದೀಪ ಆರಿಸುವ ದೀಪವಲ್ಲ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅದು ಅಣ್ಣನ ಕಾನೂನು.

“ಏನಾದರೂ ಸಿಕ್ತಾ?” ಎಂದರು ಇನ್‌ಸ್ಪೆಕ್ಟರ್, ನನ್ನ ಬೆನ್ನ ಹಿಂದಿನಿಂದ. ಮಾತು ಅವರ ಬಾಯಿಯ ಬಲಗಡೆಯಿಂದ ಮಾತ್ರ ಬರುತ್ತಿತ್ತು. ಎಡಗೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು. ಎರಡು ವಾರದಿಂದ ಹಲ್ಲಿನ ಡಾಕ್ಟರೊಬ್ಬರನ್ನು ಹುಡುಕುತ್ತಿರುವ ಮನುಷ್ಯನಿಗೆ ಹಲ್ಲುನೋವು. ಅದನ್ನು ನಾನು ಹೇಳಲಿಲ್ಲ. ಅವರ ಮುಖವೇ ಹೇಳುತ್ತಿತ್ತು.

ಡಾಕ್ಟರಮ್ಮ ನಾಪತ್ತೆಯಾಗಿ ಹದಿನಾಲ್ಕು ದಿನ. ಅವರ ಅಕ್ವೇರಿಯಂ ನೋಡಿಕೊಳ್ಳುತ್ತಿದ್ದ ನನ್ನ ಅಣ್ಣ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಮೂರು ದಿನ. ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ, ಕಾಗದದಲ್ಲಿ ‘ಕೊಲೆ’ ಎಂದು ಬರೆದು. ಅದಕ್ಕೆ ಮೊದಲು ಇಲ್ಲಿ ಏನಾದರೂ ಕಂಡರೆ ತೋರಿಸು ಎಂದು ಇನ್‌ಸ್ಪೆಕ್ಟರ್ ನನಗೆ ಕೊಟ್ಟಿದ್ದು ಮಧ್ಯಾಹ್ನ ಹನ್ನೆರಡರವರೆಗಿನ ಸಮಯ. ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು.

“ಮೊದಲು ಬ್ಲೀಚಿನ ವಿಷಯ ಮುಗಿಸೋಣ ಸರ್,” ಎಂದೆ.

ಪೊಲೀಸರ ಕತೆ ಉದ್ದದ್ದೇನಲ್ಲ. ಡಾಕ್ಟರಮ್ಮನಿಗೂ ಅಣ್ಣನಿಗೂ ಜಗಳವಾಗಿತ್ತು. ಇದೇ ಹಜಾರದಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ ನಾಲ್ಕು ಜನ ಅದನ್ನು ಕೇಳಿಸಿಕೊಂಡಿದ್ದರು. ಅಣ್ಣನ ಬಳಿ ಆಸ್ಪತ್ರೆಯ ಬೀಗದಕೈ ಇತ್ತು. ಎರಡು ವಾರದ ಹಿಂದಿನ ಗುರುವಾರ ಡಾಕ್ಟರಮ್ಮ ಇಲ್ಲಿಂದ ಮನೆಗೆ ತಲುಪಲಿಲ್ಲ. ಈ ಸೋಮವಾರ ಬೆಳಿಗ್ಗೆ ನೋಡಿದರೆ ಅಕ್ವೇರಿಯಂನ ನೀರು ಹಸಿರು ಬಣ್ಣ ಕಲಸಿದ ಹಾಲಿನಂತಾಗಿತ್ತು, ಹನ್ನೊಂದು ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಣ್ಣನ ಸಾಮಾನಿನ ಪೆಟ್ಟಿಗೆಯಲ್ಲಿ ಅರ್ಧ ಬಾಟಲಿ ಬ್ಲೀಚ್ ಇತ್ತು. ಕೆಳಗಿನ ತೊಟ್ಟಿಯಲ್ಲಿ ಅವನು ಏನನ್ನೋ ತೊಳೆದಿದ್ದಾನೆ, ಹತ್ತು ದಿನ ಬಿಟ್ಟು ಭಯ ಹುಟ್ಟಿದೆ, ಗುರುತು ಉಳಿಯದಿರಲಿ ಎಂದು ಬಂದು ಬ್ಲೀಚ್ ಸುರಿದಿದ್ದಾನೆ. ಇಷ್ಟೇ.

ಪೈಪು ತೊಳೆಯಲು ಅಕ್ವೇರಿಯಂ ಕೆಲಸದವರೆಲ್ಲ ಬ್ಲೀಚ್ ಇಟ್ಟುಕೊಂಡಿರುತ್ತಾರೆ ಎಂದು ನಾನು ಮೂರು ದಿನದಿಂದ ಹೇಳುತ್ತಿದ್ದೆ. ಅಡುಗೆಯವನ ಮನೆಯಲ್ಲೂ ಚಾಕು ಇರುತ್ತದೆ, ಎಂದಿದ್ದರು ಇನ್‌ಸ್ಪೆಕ್ಟರ್.

ನಾನು ಕೆಲಸ ಮಾಡುವುದು ಊರಿನ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ. ಇಡೀ ದಿನ ಬಾಟಲಿಗಳ ಮೇಲೆ ಚೀಟಿ ಅಂಟಿಸಿ, ಹನಿ ಹಾಕಿ, ಬಣ್ಣ ನೋಡಿ ಬರೆಯುವ ಕೆಲಸ. ಕ್ಲೋರಿನ್ ಇದೆಯೇ ಎಂದು ತಿಳಿಯುವ ಹನಿಯನ್ನು ಬೆಳಿಗ್ಗೆಯೇ ಈ ನೀರಿಗೆ ಹಾಕಿ ತೋರಿಸಿದ್ದೆ. ಬಣ್ಣ ಬದಲಾಗಲಿಲ್ಲ. ಮೂರು ದಿನದಲ್ಲಿ ಹಾರಿಹೋಗಿರುತ್ತೆ ಬಿಡಿ, ಎಂದರು ಅವರು. ಹಲ್ಲುನೋವಿದ್ದರೂ ತಲೆ ಚೆನ್ನಾಗಿಯೇ ಓಡುತ್ತಿತ್ತು.

ಹಾಗಾಗಿ ಈಗ ಚಿಮುಟದಲ್ಲಿ ಒಂದು ಎಲೆ ಎತ್ತಿ, ಬಿಳಿ ತಟ್ಟೆಯ ಮೇಲೆ ಹರಡಿ, ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ.

ಎಲೆ ಎನ್ನುವುದು ಮಾತಿಗೆ. ಸಮುದ್ರದ ಪಾಚಿ ಅದು. ಅಣ್ಣ ಅದನ್ನು ಬಳ್ಳಿ ಎನ್ನುತ್ತಾನೆ. ಮೀನಿನ ಕೊಳೆ ಉಂಡು ನೀರು ಶುದ್ಧವಾಗಿಡಲಿ ಎಂದು ಅದನ್ನು ಕೆಳಗಿನ ತೊಟ್ಟಿಯಲ್ಲಿ ಬೆಳೆಸುತ್ತಾರೆ. ನೆಲದ ಮೇಲೆ ದಾರದಂತೆ ಓಡುತ್ತದೆ, ಅಲ್ಲಲ್ಲಿ ಕೆಳಕ್ಕೆ ಬೇರಿನಂಥ ಕಾಲು ಊರುತ್ತದೆ, ಮೇಲಕ್ಕೆ ಹಕ್ಕಿಗರಿಯಂಥ ಎಲೆ ಎತ್ತುತ್ತದೆ. ಕಳೆದ ತಿಂಗಳು ನಾನು ನೋಡಿದಾಗ ಈ ತೊಟ್ಟಿಯಲ್ಲಿ ಕೈ ಹಾಕಲು ಜಾಗವಿರಲಿಲ್ಲ. ಈಗ ಉಳಿದಿದ್ದು ಬಿಳಿ ತೊಗಲು. ಒದ್ದೆ ಟಿಶ್ಯೂ ಕಾಗದದ ಹಾಗೆ, ಆಚೆ ಕಡೆಯ ಬೆರಳು ಕಾಣುವಷ್ಟು ಖಾಲಿ.

“ಎಲೆಯ ಅಂಚು ನೋಡಿ ಸರ್.”

ಅವರು ಒಂದು ಕಣ್ಣು ಮುಚ್ಚಿ ನೋಡಿದರು. “ಮೊಡವೆ ಥರ ಇದೆ.”

“ಮೊಡವೆ ಅಲ್ಲ, ಮೂತಿ. ಪ್ರತಿಯೊಂದರ ತುದಿಯಲ್ಲೂ ತೂತಿದೆ. ಬ್ಲೀಚಿಗೆ ಸತ್ತ ಪಾಚಿ ಕರಗುತ್ತೆ, ಕೊಳೆಯುತ್ತೆ. ಮೂತಿ ಬೆಳೆಸಿಕೊಳ್ಳಲ್ಲ. ಇದು ಸತ್ತಿದ್ದಲ್ಲ ಸರ್, ಹೆತ್ತಿದ್ದು.”

ನನಗೆ ಇದನ್ನೆಲ್ಲ ಹೇಳಿಕೊಟ್ಟವನು ಅಣ್ಣ. ಅವನು ಹೇಳುತ್ತಿದ್ದ ಹಾಗೆಯೇ ಇನ್‌ಸ್ಪೆಕ್ಟರಿಗೆ ಹೇಳಿದೆ. ಈ ಬಳ್ಳಿ ಹರಡಲು ಎರಡು ದಾರಿಗಳಿವೆ. ಒಂದು ಸುಲಭದ್ದು. ಕಿತ್ತರೆ ಸಾಯುವುದಿಲ್ಲ, ಎರಡಾಗುತ್ತದೆ. ಬೆರಳುದ್ದದ ತುಂಡು ಬಲೆಗೋ ಕೈಗೋ ಅಂಟಿ ಬೇರೆ ತೊಟ್ಟಿಗೆ ಹೋದರೆ ಅಲ್ಲಿ ಕಾಲೂರಿ ಹೊಸ ಸಂಸಾರ ಹೂಡುತ್ತದೆ. ಇನ್ನೊಂದು ದಾರಿ ಕಷ್ಟದ್ದು. ಈ ಬಳ್ಳಿ ಎಷ್ಟುದ್ದ ಬೆಳೆದರೂ ಒಂದೇ ಜೀವಕೋಶ. ಒಳಗೆ ಒಂದೂ ಗೋಡೆಯಿಲ್ಲದ ಮನೆ. ಬೆಳಕಿನ ಹೊತ್ತು ಏರುಪೇರಾದರೆ ಅದಕ್ಕೆ ಉಳಿಗಾಲವಿಲ್ಲ ಎನ್ನಿಸುತ್ತದೋ ಏನೋ, ಮೈಯೊಳಗಿನ ಹಸಿರನ್ನೆಲ್ಲ ಗಂಡು ಹೆಣ್ಣು ಕಣಗಳಾಗಿ ಒಡೆದುಕೊಂಡು, ಬೆಳಕು ಹರಿಯುವ ಹೊತ್ತಿಗೆ ಆ ಮೂತಿಗಳಿಂದ ನೀರಿಗೆ ಸುರಿದುಬಿಡುತ್ತದೆ. ಕೋಟಿ ಕೋಟಿ ಕಣ, ಒಂದೊಂದಕ್ಕೂ ಈಜುವ ಬಾಲ. ಗೋಡೆಯಿಲ್ಲದ ಮನೆಯಾದ್ದರಿಂದ ಒಳಗೆ ಏನೂ ಉಳಿಯುವುದಿಲ್ಲ. ಕಡಲಿನಲ್ಲಾದರೆ ಕಣಕ್ಕೆ ಕಣ ಕೂಡಿ ಎಲ್ಲೋ ಬಂಡೆ ಹಿಡಿಯುತ್ತವೆ. ನಾಲ್ಕಡಿ ಗಾಜಿನೊಳಗೆ ಅವು ಸತ್ತು, ಕೊಳೆತು, ನೀರಿನ ಉಸಿರನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ.

“ಅಂದರೆ ಹೆರಿಗೆ,” ಎಂದರು ಇನ್‌ಸ್ಪೆಕ್ಟರ್.

“ತಾಯಿ ಉಳಿಯದ ಹೆರಿಗೆ.”

ಅವರು ಭೂತಗನ್ನಡಿ ಕೆಳಗಿಟ್ಟರು. ನಂಬಿದ ಹಾಗೆ ಕಾಣಲಿಲ್ಲ. ಪಂಪಿನ ಜಾಲರಿಗೆ ಸಿಕ್ಕಿಕೊಂಡಿದ್ದ ಒಂದು ಹಸಿರು ತುಂಡನ್ನು ನಾನು ಆಗಲೇ ಬಾಟಲಿಗೆ ಹಾಕಿಟ್ಟಿದ್ದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಯಾವಾಗಲೋ ಮುರಿದು ಬಂದ ತುಂಡು, ಹೆರಿಗೆಯಲ್ಲಿ ಸೇರಿರಲಿಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ಹೊಸ ಚಿಗುರಿತ್ತು.

“ಬ್ಲೀಚ್ ಸುರಿದಿದ್ದರೆ ಇದು ಬದುಕಿರ್ತಿತ್ತಾ ಸರ್?”

ಅವರು ಬಾಟಲಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದರು. ಮೂರು ದಿನದಲ್ಲಿ ಮೊದಲ ಸಲ ನನಗೆ ಹೊಟ್ಟೆ ಹಸಿದ ನೆನಪಾಯಿತು.

“ಸರಿ, ತಾನಾಗೇ ಹೆತ್ತಿತು ಅನ್ನಿ. ಇಷ್ಟು ವರ್ಷ ಸುಮ್ಮನಿದ್ದದ್ದು ಈಗ್ಯಾಕೆ?”

ಆಗ ಸ್ವಿಚ್ಚು ತೋರಿಸಿದೆ.

ದೀಪ ಇಡೀ ದಿನ ಉರಿಯುತ್ತಿದ್ದರೆ ಬಳ್ಳಿಗೆ ಆ ಯೋಚನೆಯೇ ಹುಟ್ಟುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಈ ಕಾನೂನು. ಅಣ್ಣ ಅದನ್ನು ಕಲಿತದ್ದು ಪೆಟ್ಟು ತಿಂದು. ಅವನಿಗೆ ಆಗ ಇಪ್ಪತ್ತು, ನನಗೆ ಹನ್ನೆರಡು. ಮನೆಯಲ್ಲಿ ಅವನ ಮೊದಲ ತೊಟ್ಟಿ. ನಾಲ್ಕು ದಿನ ಊರಲ್ಲಿರುವುದಿಲ್ಲವೆಂದು ಅಮ್ಮ ದೀಪ ಆರಿಸಿದ್ದಳು. ಮರಳಿ ಬಂದ ಸಂಜೆ ಎಲೆಗಳ ಮೇಲೆಲ್ಲ ತೆಳು ಹಸಿರು ಗೆರೆಗಳು ಬಲೆಯ ಹಾಗೆ ಎದ್ದಿದ್ದವು. ಚೆನ್ನಾಗಿದೆ ಅಲ್ವಾ, ಎಂದು ನಾನು ಅವನನ್ನು ಕೂಗಿ ಕರೆದು ತೋರಿಸಿದ್ದೆ. ಮರುದಿನ ಬೆಳಿಗ್ಗೆ ನೀರು ಹಾಲಾಗಿತ್ತು. ಅಣ್ಣ ಗೋಡೆಗೆ ಒರಗಿ ಕೂತು ಮಗುವಿನ ಹಾಗೆ ಅತ್ತಿದ್ದ. ಅವತ್ತಿನಿಂದ ಅವನು ನೋಡಿಕೊಳ್ಳುವ ಯಾವ ತೊಟ್ಟಿಯಲ್ಲೂ ಆ ದೀಪ ಒಂದು ಗಂಟೆ ಆರಿದ್ದಿಲ್ಲ.

ಕರೆಂಟು ಹೋಗಿರಲಿಲ್ಲ; ಅದನ್ನು ಪೊಲೀಸರೇ ವಿಚಾರಿಸಿದ್ದರು. ದೀಪ ಕೆಟ್ಟಿರಲಿಲ್ಲ, ಈಗಲೂ ಉರಿಯುತ್ತಿತ್ತು. ಉಳಿದಿದ್ದು ಒಂದೇ. ಯಾರೋ ಸ್ವಿಚ್ಚು ಒತ್ತಿದ್ದಾರೆ. ಒಂದು ಸಲ ಒತ್ತಿದ್ದರೆ ಹಕ್ಕಳೆ ಬಿರುಕು ಬಿಡುತ್ತಿತ್ತು, ಅಷ್ಟೇ. ಇದು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಎಷ್ಟೋ ರಾತ್ರಿ ಆರಿಸಿದ್ದಾರೆ, ಎಷ್ಟೋ ಬೆಳಿಗ್ಗೆ ಹಾಕಿದ್ದಾರೆ.

“ಅಂದರೆ ಬೀಗ ಹಾಕಿದ ಮೇಲೆ ಇಲ್ಲಿ ಯಾರೋ ಇರ್ತಿದ್ರು ಸರ್. ಅಣ್ಣನಿಗಂತೂ ಆ ದೀಪ ಆರಿಸೋಕೆ ಕೈಯೇ ಬರಲ್ಲ.”

ಇನ್‌ಸ್ಪೆಕ್ಟರ್ ಕೆನ್ನೆ ಹಿಡಿದುಕೊಂಡು ಹಜಾರದ ಆ ತುದಿಯತ್ತ ನೋಡಿದರು. ನಾನೂ ನೋಡಿದೆ.

ಅಲ್ಲಿ ಹತ್ತಿಯಮ್ಮ ಕುರ್ಚಿಗಳನ್ನು ಒರೆಸುತ್ತಿದ್ದರು. ಮೂರು ದಿನದಿಂದ ಪೊಲೀಸರ ಬೀಗ ಬಿದ್ದಿರುವ ಆಸ್ಪತ್ರೆಯಲ್ಲಿ, ಯಾರೂ ಬಂದು ಕೂರದ ಕುರ್ಚಿಗಳನ್ನು.

ಅವರು ಡಾಕ್ಟರಮ್ಮನ ನರ್ಸು. ಐವತ್ತೈದು ದಾಟಿದೆ. ಬಿಳಿ ಕೋಟಿನ ಎರಡೂ ಜೇಬಿನಲ್ಲಿ ಸದಾ ಹತ್ತಿಯ ಉಂಡೆಗಳಿರುವುದರಿಂದ ರೋಗಿಗಳು ಇಟ್ಟ ಹೆಸರು ಹತ್ತಿಯಮ್ಮ. ಡಾಕ್ಟರಮ್ಮ ಕಾಣೆಯಾದ ಮೇಲೂ ದಿನಾ ಬಂದು ಬಾಗಿಲು ತೆರೆದು, ಬಂದವರಿಗೆ ಡಾಕ್ಟರಿಲ್ಲವೆಂದು ಹೇಳಿ ಕಳಿಸುತ್ತಿದ್ದವರು ಅವರೇ. ಶನಿವಾರ ಮಧ್ಯಾಹ್ನ ಒಂದಕ್ಕೆ ಬೀಗ ಹಾಕಿ ಹೋದೆ, ಸೋಮವಾರ ಎಂಟಕ್ಕೆ ಬಂದು ತೆಗೆದೆ, ನಡುವೆ ಇತ್ತ ತಲೆ ಹಾಕಲಿಲ್ಲ ಎಂದು ಅವರು ಬರೆಸಿಕೊಟ್ಟಿದ್ದರು.

ನಾನು ಕರೆಯುವ ಮೊದಲೇ ಅವರೇ ಬಂದರು. ಬಂದದ್ದು ನನ್ನ ಹತ್ತಿರವಲ್ಲ, ಇನ್‌ಸ್ಪೆಕ್ಟರ ಹತ್ತಿರ. ಬಾಯಿ ತೆಗೀರಿ, ಎಂದರು. ಪೊಲೀಸ್ ಅಧಿಕಾರಿಯೊಬ್ಬರು ಅಷ್ಟು ವಿಧೇಯರಾಗಿ ಬಾಯಿ ತೆರೆದದ್ದನ್ನು ನಾನು ನೋಡಿರಲಿಲ್ಲ. ಹತ್ತಿಯಮ್ಮ ಒಳಗಿಣುಕಿ, ನಾಲಿಗೆ ಲೊಚಗುಟ್ಟಿ, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎಡದವಡೆಯ ಹಿಂದೆ ತುರುಕಿದರು.

“ಐದು ನಿಮಿಷ ಬಾಯಿ ಬಿಡಬೇಡಿ. ಆಮೇಲೆ ಒಳಗೆ ಹೋಗಿ ಬಾಯಿ ಮುಕ್ಕಳಿಸಿ. ಮಾತಾಡಿದರೆ ಎಣ್ಣೆ ನಾಲಿಗೆಗೆ ತಾಗಿ ಉರಿ ಹತ್ತುತ್ತೆ, ನನ್ನನ್ನು ಬೈಬೇಡಿ.”

ಹೀಗೆ ಪೊಲೀಸರ ಬಾಯಿಗೆ ಹತ್ತಿ ತುರುಕಿ ಅವರು ನನ್ನ ಕಡೆ ತಿರುಗಿದರು. ಆಗ ನನಗೆ ನಗು ಬಂದಿತ್ತು. ಆಮೇಲೆ ಯೋಚಿಸಿದಾಗ ಅದು ನಗುವ ವಿಷಯವೇ ಎಂದು ಅನುಮಾನವಾಯಿತು.

ಬಳ್ಳಿಯ ಬಗ್ಗೆ ಒಂದೆರಡು ಮಾತು ಕೇಳಬೇಕಿತ್ತು ಎಂದೆ. ಕೇಳಮ್ಮ, ಎಂದರು. ಶನಿವಾರ ಬೀಗ ಹಾಕುವಾಗ ಅದು ಹೇಗಿತ್ತೆಂದು ಕೇಳಿದೆ. ದಿನಾ ಇರುವ ಹಾಗೆಯೇ, ದಟ್ಟ ಹಸಿರು, ಎಂದರು. ಮೀನಿಗೆ ಆಹಾರ ಹಾಕಿ, ಕೆಳಗಿನ ಬಾಗಿಲು ತೆರೆದು ನೀರಿನ ಮಟ್ಟ ನೋಡಿ ಹೋಗುವುದು ಅವರ ಅಭ್ಯಾಸ. ಹಾಗಾಗಿ ಚೆನ್ನಾಗಿ ನೆನಪಿದೆಯಂತೆ. ಸೋಮವಾರ? ಸೋಮವಾರ ಬೆಳ್ಳಗೆ, ಸತ್ತವರ ಹಾಗೆ, ಎಂದರು. ಮಾತು ಅಲ್ಲಿಗೆ ನಿಲ್ಲಬಹುದಿತ್ತು. ನಾನು ಏನೂ ಕೇಳದೆ ಸುಮ್ಮನೆ ನಿಂತೆ. ಲ್ಯಾಬಿನಲ್ಲಿ ಕಲಿತ ಪಾಠ ಅದು: ಹನಿ ಹಾಕಿದ ಮೇಲೆ ಬಾಟಲಿ ಅಲುಗಾಡಿಸಬಾರದು, ಬಣ್ಣ ತಾನಾಗಿ ಬರಬೇಕು.

ಸುಮ್ಮನಿರುವುದು ಹತ್ತಿಯಮ್ಮನಿಗೆ ಆಗದ ಕೆಲಸ. ಮೂವತ್ತು ವರ್ಷ ಬಾಯಿ ತೆರೆದು ಮಲಗಿದವರ ಪರವಾಗಿ ತಾವೇ ಮಾತಾಡಿ ಅಭ್ಯಾಸವಾದವರು.

“ಅದಕ್ಕೆ ಹುಷಾರಿಲ್ಲ ಅಂತ ನನಗೆ ಅನ್ನಿಸಿತ್ತು ಬಿಡು. ಎಲೆ ಮೇಲೆಲ್ಲ ಬಲೆ ಬಿಡಿಸಿದ ಹಾಗೆ ಗೆರೆ ಎದ್ದಿತ್ತಲ್ಲ. ಒಸಡಿನ ಮೇಲೆ ಸಣ್ಣ ನರ ಕಾಣಿಸುತ್ತೆ ನೋಡು, ಹಾಗೆ.”

ಇನ್‌ಸ್ಪೆಕ್ಟರ್ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಒಸಡಿನ ಮಾತು ಅವರಿಗೆ ಅರ್ಥವಾಗಿತ್ತು, ಅಷ್ಟೇ. ಆಮೇಲೆ ಗಡಿಯಾರ ನೋಡಿ, ಎದ್ದು, ಡಾಕ್ಟರಮ್ಮನ ಒಳಕೋಣೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು. ನೀರು ಬೇಸಿನ್ನಿಗೆ ಬೀಳುವ ಸದ್ದು.

ಅವರ ಎದುರೇ ಕೇಳಬಹುದಿತ್ತು. ನಾನು ಕಾದೆ. ಯಾಕೆ ಕಾದೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

“ಹತ್ತಿಯಮ್ಮ, ಶನಿವಾರ ದಟ್ಟ ಹಸಿರು. ಸೋಮವಾರ ಪೂರ್ತಿ ಬಿಳಿ. ಬಲೆ ನೋಡಿದ್ದು ಯಾವಾಗ?”

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು.

“ಹೆರೋಕೆ ಮೊದಲು ಒಂದೇ ಒಂದು ದಿನ ಆ ಬಲೆ ಕಾಣಿಸೋದು. ಒಳಗಿನ ಹಸಿರೆಲ್ಲ ಒಂದು ಕಡೆ ಗುಂಪು ಸೇರುತ್ತೆ, ಅದಕ್ಕೆ. ಸೋಮವಾರ ಬೆಳಕು ಹರಿಯೋವಾಗ ಹೆತ್ತಿದೆ ಅಂದರೆ, ಬಲೆ ಇದ್ದದ್ದು ಭಾನುವಾರ. ಭಾನುವಾರ ಇಲ್ಲಿಗೆ ಬೀಗ.”

ಮಡಿಸಿದ ಬಟ್ಟೆಯನ್ನು ಅವರು ಮತ್ತೆ ಬಿಡಿಸಿದರು. ಕುರ್ಚಿಯ ಕೈ ಒರೆಸಿದರು. ಅದು ಆಗಲೇ ಒರೆಸಿದ್ದ ಕುರ್ಚಿ.

“ನಾನೇನು ಮನುಷ್ಯರನ್ನು ಕೊಂದವಳ ಹಾಗೆ ಕಾಣ್ತೀನಾ?” ಎಂದರು.

“ನನ್ನ ಅಣ್ಣ ಕಾಣ್ತಾನಾ?”

ಒಳಗೆ ಇನ್‌ಸ್ಪೆಕ್ಟರ್ ಮುಕ್ಕಳಿಸಿ ಉಗುಳಿದರು. ಹತ್ತಿಯಮ್ಮ ಆ ಕಡೆ ಒಮ್ಮೆ ನೋಡಿ, ನನ್ನ ಮೊಣಕೈ ಹಿಡಿದು, ಅಕ್ವೇರಿಯಂನ ಪಕ್ಕಕ್ಕೆ ಎಳೆದುಕೊಂಡರು. ಆ ಕೈ ಲವಂಗದ ವಾಸನೆ ಹೊಡೆಯುತ್ತಿತ್ತು.

ಹತ್ತು ರಾತ್ರಿ ಅವರು ಇಲ್ಲಿಯೇ ಮಲಗಿದ್ದರಂತೆ. ಡಾಕ್ಟರಮ್ಮ ಕಾಣೆಯಾದ ಮರುದಿನ ಶುಕ್ರವಾರದಿಂದ ಹಿಡಿದು ಭಾನುವಾರದವರೆಗೆ. ಮೂರು ಕುರ್ಚಿ ಜೋಡಿಸಿ, ಫೋನಿನ ಪಕ್ಕದಲ್ಲಿ. ಡಾಕ್ಟರಮ್ಮ ರಾತ್ರಿ ಹೊತ್ತು ಇಲ್ಲಿಗೇ ಫೋನ್ ಮಾಡಬಹುದು, ಎತ್ತಲು ಯಾರಾದರೂ ಇರಬೇಕು ಎಂದು ಹೇಳಿದ್ದರಂತೆ. ಫೋನ್ ಬಂತೇ ಎಂದೆ. ಡಾಕ್ಟರಮ್ಮನದು ಬರಲಿಲ್ಲ, ಎಂದರು. ರಾತ್ರಿ ಮಲಗುವಾಗ ದೀಪ ಆರಿಸಿ, ಬೆಳಿಗ್ಗೆ ಎದ್ದ ಕೂಡಲೇ ಹಾಕಬೇಕೆಂದೂ ಹೇಳಿದ್ದರಂತೆ. ಬೀದಿಗೆ ಬೆಳಕು ಕಂಡರೆ ಒಳಗೆ ಯಾರೋ ಇದ್ದಾರೆಂದು ಗೊತ್ತಾಗುತ್ತದಲ್ಲ.

ಹೇಳಿದ್ದರಂತೆ, ಹೇಳಿದ್ದರಂತೆ. ಯಾರು ಎಂದು ಅವರು ಹೇಳುತ್ತಿರಲಿಲ್ಲ. ನಾನು ಕಾಲಿನಿಂದ ಕಪಾಟಿನ ಬಾಗಿಲು ತಳ್ಳಿದೆ. ಅದು ರಬ್ಬರ್ ಅಂಚಿಗೆ ಒತ್ತಿ ಮುಚ್ಚಿಕೊಂಡಿತು. ಒಂದು ಎಳೆ ಬೆಳಕೂ ಹೊರಗೆ ಬರಲಿಲ್ಲ.

“ಬಾಗಿಲು ಹಾಕಿದರೆ ಏನೂ ಕಾಣಲ್ಲ ಹತ್ತಿಯಮ್ಮ. ಬೀದಿಗೆ ಬಿಡಿ, ಇಲ್ಲಿ ನಿಂತ ನಮಗೇ ಕಾಣಲ್ಲ.”

“ನಾನೂ ಅದನ್ನೇ ಹೇಳಿದೆ ಕಣಮ್ಮ. ಆರಿಸಿ ಅಂದರೆ ಆರಿಸಿ, ಅಂದ.”

ಅಂದರು ಅಲ್ಲ, ಅಂದ.

ಹತ್ತಿಯಮ್ಮ ಏಕವಚನದಲ್ಲಿ ಮಾತಾಡಿಸುವ ಗಂಡಸು ಈ ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬನೇ. ವಾರಕ್ಕೊಮ್ಮೆ ಬಕೆಟ್ಟು ಹಿಡಿದು ಬಂದು, ಅವರ ಕೈಯಿಂದ ಟೀ ಕುಡಿದು ಹೋಗುತ್ತಿದ್ದವನು.

“ಯಾರು?” ಎಂದೆ. ಗೊತ್ತಿದ್ದೂ ಕೇಳಿದೆ.

“ನಿನ್ನ ಅಣ್ಣ.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅಕ್ವೇರಿಯಂನ ಗಾಜಿನಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು, ಮಾಸಲು ನೀರಿನ ಹಿನ್ನೆಲೆಯಲ್ಲಿ.

“ಅವನಿಗೆ ಗೊತ್ತಿರುತ್ತೆ ಏನಾಗುತ್ತೆ ಅಂತ,” ಎಂದೆ. “ಹತ್ತು ರಾತ್ರಿ ಆರಿಸಿದರೆ ಅದು ಹೆರುತ್ತೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.”

“ಗೊತ್ತಿತ್ತು ಅಂತ ಕಾಣುತ್ತೆ. ಭಾನುವಾರ ಸಂಜೆ ಇಲ್ಲಿಗೆ ಫೋನ್ ಮಾಡಿದ. ಕೆಳಗಿನ ಬಾಗಿಲು ತೆರೆದು ಎಲೆ ಹೇಗಿದೆ ನೋಡಿ ಹೇಳಿ, ಅಂದ. ಬಲೆ ಥರ ಗೆರೆ ಬಂದಿದೆ ಕಣೋ, ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ, ಇವತ್ತೊಂದು ರಾತ್ರಿ ಆರಿಸಿ ಸಾಕು, ಅಂದ.”

ಇವತ್ತೊಂದು ರಾತ್ರಿ ಸಾಕು.

ನನ್ನ ಕೈಯಲ್ಲಿದ್ದ ಬಾಟಲಿಯಲ್ಲಿ ಹಸಿರು ತುಂಡು ಒಮ್ಮೆ ಸುತ್ತು ತಿರುಗಿತು. ಹತ್ತು ನಿಮಿಷದ ಹಿಂದೆ ನಾನು ಪೊಲೀಸರಿಗೆ ಹೇಳಿಕೊಟ್ಟದ್ದೇನು? ಬ್ಲೀಚ್ ಬೇಡ, ದೀಪ ಆರಿಸಿದರೆ ಸಾಕು, ತೊಟ್ಟಿಯೊಳಗಿನ ಎಲ್ಲವೂ ಒಂದೇ ಬೆಳಗಿಗೆ ಅಳಿಸಿಹೋಗುತ್ತದೆ. ಅವರ ಕತೆಯಲ್ಲಿದ್ದ ತೂತನ್ನು ನಾನೇ ಮುಚ್ಚಿಕೊಟ್ಟಿದ್ದೆ. ಅಣ್ಣ ಆ ನೀರಿನಲ್ಲಿ ಏನನ್ನು ಮರೆಮಾಡಬೇಕಿತ್ತು? ಮನೆಯ ತೊಟ್ಟಿ ಸತ್ತಾಗ ಗೋಡೆಗೆ ಒರಗಿ ಅತ್ತವನು, ಹನ್ನೊಂದು ಮೀನು ಸಾಯಲಿವೆ ಎಂದು ಗೊತ್ತಿದ್ದೂ ಫೋನಿನಲ್ಲಿ ಸಾಕು ಎನ್ನಬೇಕಾದರೆ ಅಂಥದ್ದೇನಿತ್ತು?

ಯಾರಿಗೂ ಹೇಳಬೇಡಿ ಎಂದಿದ್ದನಂತೆ. ನೀನು ಅವನ ತಂಗಿ ಅಂತ ಹೇಳಿದೆ, ಎಂದರು ಹತ್ತಿಯಮ್ಮ.

ನಲ್ಲಿ ನಿಂತಿತು.

ಇನ್‌ಸ್ಪೆಕ್ಟರ್ ಬಾಯಿ ಒರೆಸಿಕೊಳ್ಳುತ್ತ ಬಂದರು. ಊತ ಹಾಗೇ ಇತ್ತು, ಮುಖ ಮಾತ್ರ ಸ್ವಲ್ಪ ಸಡಿಲವಾಗಿತ್ತು. ನಮ್ಮಿಬ್ಬರನ್ನೂ ನೋಡಿದರು. ಇಪ್ಪತ್ತು ವರ್ಷ ಜನರ ಮುಖ ನೋಡಿದ ಮನುಷ್ಯ.

“ಏನಂದ್ರು ಇವರು?”

ಗಡಿಯಾರದಲ್ಲಿ ಹನ್ನೊಂದೂವರೆ. ನಾಲ್ಕು ಗಂಟೆಗೆ ಅಣ್ಣ ಕಟಕಟೆಯಲ್ಲಿ ನಿಂತಿರುತ್ತಾನೆ. ಸತ್ಯ ಹೇಳಿದರೆ ಇವತ್ತೇ ಅವನ ಕತೆ ಮುಗಿಯುತ್ತದೆ. ಹೇಳದಿದ್ದರೆ ಮುಗಿಯುವುದು ಬೇರೆಯವರದು.

“ಇವರು ಇಲ್ಲೇ ಮಲಗ್ತಿದ್ರಂತೆ ಸರ್,” ಎಂದೆ. “ಹತ್ತು ರಾತ್ರಿ. ದೀಪ ಆರಿಸಿದ್ದು ಇವರೇ.”

“ಯಾರ ಮಾತಿಗೆ?”

ಹತ್ತಿಯಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. ಅದು ಆಗಲೇ ಬಿಗಿಯಾಗಿತ್ತು.

“ಯಾರೂ ಹೇಳಿದ್ದಲ್ಲ. ಆ ದೀಪ ಆರಿಸಬಾರದು ಅಂತ ಇವರಿಗೆ ಗೊತ್ತಿರಲಿಲ್ಲ, ಅಷ್ಟೇ.”

ಹೇಳಿದ ಮೇಲೆ ನಾನು ಕಾದೆ. ಕೂಗುತ್ತಾರೆ, ನನ್ನ ಮುಖಕ್ಕೆ ಉಗಿಯುತ್ತಾರೆ, ಈಗಷ್ಟೇ ನಿನ್ನ ಅಣ್ಣನ ಹೆಸರು ಹೇಳಲಿಲ್ಲವೇನೇ ಎಂದು ಜಡೆ ಹಿಡಿಯುತ್ತಾರೆ. ಅದಕ್ಕೆಲ್ಲ ನಾನು ಸಿದ್ಧಳಾಗಿದ್ದೆ.

“ಹೌದು ಸರ್,” ಎಂದರು ಹತ್ತಿಯಮ್ಮ. “ಬೆಳಕಿದ್ದರೆ ನನಗೆ ನಿದ್ದೆ ಹತ್ತಲ್ಲ.”

ಒಂದು ಅಕ್ಷರ ತಡವರಿಸಲಿಲ್ಲ. ಯೋಚಿಸಿ ಹೇಳಿದ ಮಾತಿನಂತಿರಲಿಲ್ಲ ಅದು. ಯಾವತ್ತೋ ಯೋಚಿಸಿ, ಒತ್ತಟ್ಟಿಗಿಟ್ಟು, ಬೇಕಾದಾಗ ತೆಗೆದಂತಿತ್ತು. ನಾನು ಸುಳ್ಳು ಹೇಳಿದ್ದು ಅಣ್ಣನನ್ನು ಉಳಿಸಲು. ಇವರು ಅದನ್ನು ಇಷ್ಟು ಸಲೀಸಾಗಿ ಕೈನೀಡಿ ತೆಗೆದುಕೊಂಡದ್ದು ಯಾರನ್ನು ಉಳಿಸಲು?

ಇನ್‌ಸ್ಪೆಕ್ಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಬರೆಸಿಕೊಟ್ಟ ಹೇಳಿಕೆ ಸುಳ್ಳಾಯಿತು, ಈಗಲೇ ಠಾಣೆಗೆ ಬರಬೇಕಾಗುತ್ತದೆ, ಎಂದರು ಆಮೇಲೆ. ಸಂಜೆಯ ಕೋರ್ಟಿನ ವಿಷಯ ಮೇಲಿನವರೊಂದಿಗೆ ಇನ್ನೊಮ್ಮೆ ಮಾತಾಡುತ್ತೇನೆ ಎಂದೂ ನನ್ನತ್ತ ನೋಡದೆ ಸೇರಿಸಿದರು. ಮೂರು ದಿನದಿಂದ ನಾನು ಕೇಳಲು ಕಾದಿದ್ದ ಮಾತು. ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

“ಮನೆಯಲ್ಲಿ ಯಾರಿಗಾದರೂ ತಿಳಿಸಬೇಕಾ?” ಎಂದು ಅವರು ಹತ್ತಿಯಮ್ಮನನ್ನು ಕೇಳಿದರು.

“ಮನೆಯಲ್ಲಿ ಯಾರಿದ್ದಾರೆ ಸರ್. ನಾನೊಬ್ಬಳೇ.”

ಅವರು ಬಿಳಿ ಕೋಟು ಕಳಚಿ ಮೊಳೆಗೆ ಹಾಕಿದರು. ಕೌಂಟರಿನ ಹಿಂದೆ ಬಗ್ಗಿ ಒಂದು ಬಟ್ಟೆಯ ಚೀಲ ಎತ್ತಿ ಹೆಗಲಿಗೆ ಏರಿಸಿಕೊಂಡರು. ತುಂಬಿದ ಚೀಲ. ಇನ್‌ಸ್ಪೆಕ್ಟರ್ ಕೈ ಚಾಚಿದರು, ನಿಯಮ, ಎಂದರು. ಹತ್ತಿಯಮ್ಮ ಕೊಡುವ ಮೊದಲು ಒಂದು ಕ್ಷಣ ತಡೆದರು.

ಮೇಲುಮೇಲೆ ಕೈಯಾಡಿಸಿ ನೋಡಿ, ಆಯುಧವೇನೂ ಇಲ್ಲವೆಂದು ಅವರು ಚೀಲ ಮರಳಿಸಿದರು. ಹಲ್ಲು ಮತ್ತೆ ನೋಯಲು ಶುರುವಾಗಿತ್ತು ಅಂತ ಕಾಣುತ್ತದೆ, ಬೇಗ ಬಾಗಿಲ ಕಡೆ ನಡೆದರು. ಅವರ ಪಕ್ಕದಲ್ಲಿ ನಿಂತಿದ್ದ ನಾನು ಮಾತ್ರ ಒಳಗಿದ್ದದ್ದನ್ನು ಕಂಡೆ. ಮಡಿಸಿದ ಬಟ್ಟೆ. ಮಾತ್ರೆಯ ಡಬ್ಬಿ. ಪಾರದರ್ಶಕ ಪ್ಲಾಸ್ಟಿಕ್ ಚೀಲವೊಂದರಲ್ಲಿ, ಮನೆಯಲ್ಲಿ ನಾನೊಬ್ಬಳೇ ಎಂದವರ ಬಳಿ, ಎರಡು ಟೂತ್‌ಬ್ರಷ್, ಒಂದು ಹಳದಿ, ಒಂದು ನೀಲಿ.

ಎರಡೂ ಒದ್ದೆಯಾಗಿದ್ದವು.